ಪದಚರ್ಚೆ: ಬಾಡಿಗೆಯವರದು ‘ಗೋಪ್ಯತೆ’ಯೋ ‘ಖಾಸಗಿತನ’ವೋ?

ಬಳಗದವರಿಗೆ ನಮಸ್ಕಾರ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಸಂಘದ ಬೈಲಾವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಮನೆ ಬಾಡಿಗೆಗೆ ಹಿಡಿದವರು ಕರಾರು ಪತ್ರ, ಆಧಾರ್ ಪ್ರತಿ, ಮೊಬೈಲ್ ಸಂಖ್ಯೆಗಳನ್ನು ಸಂಘದ ಕಚೇರಿಗೆ ಕೊಡುತ್ತಾರೆ. ಅವನ್ನು ಕಂಡವರಿಗೆಲ್ಲ ತೋರಿಸಬಾರದು ಎಂದು ಈ ವರ್ಷ ಒಂದು ನಿಯಮ ಸೇರಿತು. ಇಂಗ್ಲಿಷಿನ ‘ಪ್ರೈವಸಿ’ಯನ್ನು ‘ಗೋಪ್ಯತೆ’ ಮಾಡಿ, ಅದಕ್ಕೆ ‘ಬಾಡಿಗೆದಾರರ ಗೋಪ್ಯತೆ’ ಎಂದು ತಲೆಬರಹ ಕೊಟ್ಟು ಸೂಚನಾ ಫಲಕಕ್ಕೆ ಅಂಟಿಸಿದೆ. ಮರುದಿನ ಲಿಫ್ಟಿನ ಬಳಿ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: “ಏನು ಸ್ವಾಮಿ, ಅವರು ಅಂಥದ್ದೇನು ಮುಚ್ಚಿಟ್ಟಿದ್ದಾರೆ?”

ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಗೋಪ್ಯ ಎಂದರೆ ಬಚ್ಚಿಡಬೇಕಾದದ್ದು. ಗೋಪ್ಯ ಮತದಾನ, ಗೋಪ್ಯ ವರದಿ ಎನ್ನುವಾಗ ಅದು ಸರಿ. ಮನೆಗೆ ಯಾರು ಬಂದರು, ಬಾಡಿಗೆ ಎಷ್ಟು ಎಂಬುದು ಗುಟ್ಟೇನಲ್ಲ, ಅನ್ಯರಿಗೆ ಸಂಬಂಧಿಸಿದ್ದಲ್ಲ, ಅಷ್ಟೇ.

‘ಖಾಸಗಿತನ’ ಎನ್ನೋಣವೇ? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದನ್ನು ಮೂಲಭೂತ ಹಕ್ಕೆಂದು ಸಾರಿದಾಗಿನಿಂದ ಪತ್ರಿಕೆಗಳಲ್ಲಿ ಈ ಪದ ಓಡಾಡುತ್ತಿದೆ. ದಾವೆ ಹೂಡಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಕರ್ನಾಟಕದವರೊಬ್ಬರಿಂದ ಬಂದರೂ ಅದಕ್ಕೊಂದು ಪದ ನಮಗೆ ಇನ್ನೂ ನಿಂತಿಲ್ಲ! ನಮ್ಮ ಕಾವಲುಗಾರರಿಗೆ ಖಾಸಗಿ ಎಂದರೆ ಸರ್ಕಾರದ್ದಲ್ಲದ ಬಸ್ಸು, ಶಾಲೆ, ಆಸ್ಪತ್ರೆ. ‘ಏಕಾಂತ’ ಎಂದರೆ ಬಾಗಿಲು ಹಾಕಿಕೊಂಡು ಒಬ್ಬರೇ ಕುಳಿತ ಚಿತ್ರ ಬರುತ್ತದೆ.

ಇನ್ನೊಂದು ತೊಡಕು ‘ಬಾಡಿಗೆದಾರ’. ಮೊದಲೇ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಭೋಗ್ಯಕ್ಕೆ ಇರುವವರು ನಮ್ಮಲ್ಲಿ ಹಲವರಿದ್ದಾರೆ. ತಾವು ಬಾಡಿಗೆದಾರರಲ್ಲ, ಈ ನಿಯಮ ತಮಗಿಲ್ಲ ಎಂದು ಒಬ್ಬರು ಆಗಲೇ ವಾದಿಸಿದ್ದಾರೆ. 1972ರ ಕರ್ನಾಟಕದ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಬೈಲಾ ಮಾಲೀಕರಿಗಷ್ಟೇ ಅಲ್ಲ, ಅವರ ಮನೆಯಲ್ಲಿ ಇರುವವರಿಗೂ ಅನ್ವಯಿಸುತ್ತದೆ. ಆದ್ದರಿಂದ ಬಾಡಿಗೆಯವರು, ಭೋಗ್ಯದವರು ಇಬ್ಬರನ್ನೂ ಒಳಗೊಳ್ಳುವ ಪದ ಬೇಕು. ಹಳೆಯ ‘ಒಕ್ಕಲು’ ಸರಿಹೊಂದೀತು ಎನಿಸಿತು. ಇನ್ನೊಬ್ಬರ ಜಾಗದಲ್ಲಿ ನೆಲೆಸಿದವರಿಗೆ ಅದು ಸಲ್ಲುತ್ತದೆ. ಆದರೆ ಈಗ ಅದು ಹೊಲಗದ್ದೆಯ ಮಾತಾಗಿದೆ. ಪತ್ರಿಕೆಗಳಲ್ಲಿ ‘ಒಕ್ಕಲೆಬ್ಬಿಸು’ ದಿನವೂ ಸಿಗುತ್ತದೆ. ಎಬ್ಬಿಸುವ ಮುನ್ನ ಅಲ್ಲಿ ಇದ್ದವರನ್ನು ಮಾತ್ರ ಯಾರೂ ಒಕ್ಕಲು ಎನ್ನುವುದಿಲ್ಲ.

ಸದ್ಯಕ್ಕೆ ನಾಮಪದದ ಹಂಗೇ ಬೇಡವೆಂದು ಹೀಗೆ ಬರೆದಿದ್ದೇನೆ: “ಬಾಡಿಗೆಗಾಗಲಿ ಭೋಗ್ಯಕ್ಕಾಗಲಿ ಇರುವವರ ಮನೆಯ ವಿಷಯವನ್ನು ಸಂಘದವರು ಹೊರಗೆ ಹೇಳತಕ್ಕದ್ದಲ್ಲ.” ಕಾವಲುಗಾರರಿಗೆ ಒಂದೇ ಓದಿಗೆ ಅರ್ಥವಾಯಿತು. ಅಧ್ಯಕ್ಷರಿಗೆ ಮಾತ್ರ ಇದು ನಿಯಮದಂತೆ ಕೇಳುತ್ತಿಲ್ಲವಂತೆ, ತಲೆಬರಹ ಬೇಕೇ ಬೇಕಂತೆ.

ಧಾರವಾಡ, ಮಂಗಳೂರಿನ ಕಡೆ ಬಾಡಿಗೆ, ಭೋಗ್ಯ ಎರಡಕ್ಕೂ ಸಲ್ಲುವ ಪದವೇನಾದರೂ ಬಳಕೆಯಲ್ಲಿದೆಯೇ? ಇನ್ನು ತಲೆಬರಹಕ್ಕೆ, ಮನೆಯ ವ್ಯವಹಾರ ಎನ್ನುವ ‘ಮನೆವಾರ್ತೆ’ಯನ್ನು ಪ್ರೈವಸಿಯ ಅರ್ಥಕ್ಕೆ ಎಳೆದರೆ ಅತಿಯಾಗುತ್ತದೆಯೇ? ಭಾನುವಾರ ಸಭೆಯಿದೆ.