ಗ್ಯಾಸ್ ಪೂಲ್ ಹೀಟರ್ ಎಲ್ಲಿ ಇಡೋದು? ಮೂರು ಜಾಗ ನೋಡಿದ್ದೇನೆ, ಸಲಹೆ ಬೇಕು

ನೀಲಿಕೊಳ:
ಮನೆ ಹಿಂದಿನ ಈಜುಕೊಳಕ್ಕೆ ಗ್ಯಾಸ್ ಹೀಟರ್ ಹಾಕಿಸೋದು ಅಂತ ತೀರ್ಮಾನ ಆಗಿದೆ. ಗಂಟೆಗೆ 4,00,000 ಬಿಟಿಯುದು (ಬಿಟಿಯು ಅಂದರೆ ಶಾಖದ ಅಳತೆ). ಹೊರಗಡೆ ಇಡುವ ಮಾಡೆಲ್, ಚಿಮಣಿ ಇಲ್ಲ, ಹೊಗೆ ಹೀಟರ್ ಮೇಲ್ಭಾಗದ ಜಾಲರಿಯಿಂದಲೇ ಆಚೆ ಹೋಗುತ್ತದೆ. ಈಗ ತಲೆನೋವು ಜಾಗದ್ದು.

ಮೊದಲನೇದು ಮನೆ ಪಕ್ಕದ ಸಂದಿ. ಪಂಪ್, ಫಿಲ್ಟರ್ ಎರಡೂ ಈಗಾಗಲೇ ಅಲ್ಲೇ ಇವೆ. ಒಂದು ಕಡೆ ಮನೆ ಗೋಡೆ, ಇನ್ನೊಂದು ಕಡೆ ಕಾಂಪೌಂಡ್, ಮೇಲೆ ಸಜ್ಜಾ. ಮಲಗುವ ಕೋಣೆಯ ಒಂದು ಕಿಟಕಿ ಅದೇ ಸಂದಿಗೆ ತೆರೆಯುತ್ತದೆ. ಪೈಪ್ ಕೆಲಸದವರು ಇಲ್ಲೇ ಇಡೋಣ, ಬೇಗ ಮುಗಿಯುತ್ತೆ ಅಂತಿದ್ದಾರೆ. ಎರಡನೇದು ಶೆಡ್. ಅಲ್ಲಿ ಈಗ ಕ್ಲೋರಿನ್ ಡಬ್ಬ, ಆಸಿಡ್ ಕ್ಯಾನ್, ಹುಲ್ಲು ಕತ್ತರಿಸುವ ಮೆಷಿನ್ ಎಲ್ಲಾ ಇದೆ. ಮಳೆ ಬೀಳಲ್ಲ, ನೋಡೋಕೂ ಕಾಣಲ್ಲ. ಮೂರನೇದು ಹಿತ್ತಲಿನ ಮೂಲೆ. ಪೂರ್ತಿ ಬಯಲು, ಆದರೆ ಫಿಲ್ಟರಿನಿಂದ 40 ಅಡಿ ದೂರ. ಅಷ್ಟು ದೂರ ಬಿಸಿನೀರು ಹರಿದು ಬರುವಾಗ ಶಾಖ ಎಲ್ಲಾ ಪೈಪಿನಲ್ಲೇ ಹೋಗುವುದಿಲ್ವಾ?

ಪಂಪುಮನೆ:
ಸಂದಿ ಬೇಡವೇ ಬೇಡ. ಕಿಟಕಿ ಇದೆ ಅಂತ ನೀವೇ ಬರೆದಿದ್ದೀರಿ, ಅಲ್ಲಿಗೇ ಆ ಮಾತು ಮುಗಿಯಿತು.

4,00,000 ಬಿಟಿಯು ಅಂದರೆ ಹತ್ತಿರ ಹತ್ತಿರ 117 ಕಿಲೋವ್ಯಾಟ್. ಅಡುಗೆ ಮನೆಯ ಸ್ಟೌವ್‌ನ ಬರ್ನರ್‌ಗಳನ್ನು ಒಟ್ಟಿಗೆ 40 ಹಚ್ಚಿಟ್ಟ ಹಾಗೆ. ಅಷ್ಟನ್ನು ಕಿಟಕಿ ಕೆಳಗೆ ಗಂಟೆಗಟ್ಟಲೆ ಉರಿಸಿದರೆ ಅದರ ಹೊಗೆ ಎಲ್ಲಿಗೆ ಹೋಗಬೇಕು? ಮೇಲೆ ಸಜ್ಜಾ ತಡೆಯುತ್ತದೆ, ಎರಡೂ ಪಕ್ಕ ಗೋಡೆ ತಡೆಯುತ್ತದೆ, ಉಳಿದಿರೋದು ಕಿಟಕಿ ಒಂದೇ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದರೆ ಗೊತ್ತಾಗುವುದೇ ಇಲ್ಲ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ ಬಂದರೆ ಜನ ಊಟ ಸರಿಹೋಗಲಿಲ್ಲ ಅಂದುಕೊಂಡು ಮಲಗಿಬಿಡುತ್ತಾರೆ. ಅಪಾಯ ಇರೋದೇ ಅಲ್ಲಿ.

ಇನ್ನೊಂದು ತೊಂದರೆ ಇದೆ, ಇದನ್ನು ತುಂಬಾ ಜನ ಯೋಚಿಸುವುದಿಲ್ಲ. ಹೀಟರ್ ತಾನು ಬಿಟ್ಟ ಹೊಗೆಯನ್ನೇ ಮತ್ತೆ ಒಳಗೆ ಎಳೆದುಕೊಳ್ಳಬಹುದು. ಇಕ್ಕಟ್ಟಾದ ಜಾಗದಲ್ಲಿ ಗಾಳಿ ಸುತ್ತುತ್ತಾ ಕೆಳಗೇ ಬರುತ್ತದೆ. ಆಗ ಬರ್ನರ್‌ಗೆ ಆಮ್ಲಜನಕ ಸಾಲದೆ ಗ್ಯಾಸ್ ಅರ್ಧಂಬರ್ಧ ಉರಿಯುತ್ತದೆ, ಮಸಿ ಕಟ್ಟುತ್ತದೆ, ಕಾರ್ಬನ್ ಮಾನಾಕ್ಸೈಡ್ ಇನ್ನೂ ಜಾಸ್ತಿ ಆಗುತ್ತದೆ. ಅಂದರೆ ಜಾಗ ಸರಿ ಇಲ್ಲದಿದ್ದರೆ ಒಳ್ಳೆ ಹೀಟರ್ ಕೂಡ ಕೆಟ್ಟ ಹೊಗೆ ಬಿಡುತ್ತದೆ.

ಅಳತೆ ಬೇಕಾದರೆ, ಅಮೆರಿಕದಲ್ಲಿ ಗ್ಯಾಸ್ ಉಪಕರಣ ಕೂರಿಸೋಕೆ ಇರುವ ಎನ್‌ಎಫ್‌ಪಿಎ 54 ಎಂಬ ನಿಯಮಾವಳಿಯಲ್ಲಿ ಫ್ಯಾನ್‌ನಿಂದ ಹೊಗೆ ತಳ್ಳುವ ಉಪಕರಣಗಳಿಗೆ ಹೇಳಿರುವುದು ಹೀಗೆ: ಹೊಗೆ ಹೊರಬರುವ ಬಾಯಿ ಕಿಟಕಿ ಬಾಗಿಲಿನ ಕೆಳಗಿದ್ದರೆ 4 ಅಡಿ, ಪಕ್ಕದಲ್ಲಿದ್ದರೆ 4 ಅಡಿ, ಮೇಲಿದ್ದರೆ 1 ಅಡಿ ಅಂತರ ಇರಬೇಕು. ಹೀಟರ್ ಕಂಪನಿಗಳ ಮ್ಯಾನ್ಯುಯಲ್‌ಗಳಲ್ಲೂ ಇದೇ ಅಂಕಿ ಆಗಾಗ ಕಾಣುತ್ತದೆ. ಆದರೆ ಇದು ಕನಿಷ್ಠ. ನಿಮ್ಮ ಮ್ಯಾನ್ಯುಯಲ್ಲೋ ಊರಿನ ನಿಯಮವೋ ಜಾಸ್ತಿ ಕೇಳಿದರೆ ಅದೇ ನಡೆಯಬೇಕು. ನನ್ನ ಕೇಳಿದರೆ ಮಲಗುವ ಕೋಣೆ ಕಿಟಕಿಯಿಂದ ಟೇಪ್ ಹಿಡಿದು 4 ಅಡಿ ಲೆಕ್ಕ ಹಾಕುವ ಪರಿಸ್ಥಿತಿಗೇ ಹೋಗಬಾರದು.

ಪೈಪಿನಲ್ಲಿ ಶಾಖ ಹೋಗುತ್ತೆ ಅನ್ನೋ ಚಿಂತೆ ಬಿಡಿ. ಪೂಲ್ ನೀರು ಬೆಚ್ಚಗಿರುತ್ತದೆ ಅಷ್ಟೇ, ಕುದಿಯುತ್ತಿರುವುದಿಲ್ಲ. ನೆಲದಲ್ಲಿ ಹೂತ ಪೈಪಿನಲ್ಲಿ 40 ಅಡಿಗೆ ಹೋಗುವ ಶಾಖ ಲೆಕ್ಕಕ್ಕೇ ಬರಲ್ಲ. ದೂರ ಆದಾಗ ಒದ್ದಾಡೋದು ಪಂಪ್. ಪೈಪ್ ಸ್ವಲ್ಪ ದಪ್ಪದ್ದು ಹಾಕಿಸಿ, ಬಗ್ಗಿಸುವ ಕಡೆ ಎಲ್ಬೋ ಕಡಿಮೆ ಇರಲಿ, ಸಾಕು.

ತೋಟದಮೂಲೆ:
ಶೆಡ್ ಯಾಕೆ ಬೇಡ ಅಂತ ಯಾರೂ ಹೇಳಲಿಲ್ಲವಲ್ಲ. ಬಾಗಿಲು ತೆಗೆದಿಟ್ಟು ಓಡಿಸಿದರೆ ಗಾಳಿ ಬಂದೇ ಬರುತ್ತೆ. ಮಳೆಯಲ್ಲಿ ನೆನೆಯದಿದ್ದರೆ ಹೀಟರ್ ಬಾಳಿಕೆಯೂ ಜಾಸ್ತಿ ಅಲ್ವಾ?

ಬಿಸಿನೀರು:
ತೋಟದಮೂಲೆ ಸರ್, ತಪ್ಪು ತಿಳಿಯಬೇಡಿ, ಬಾಗಿಲು ತೆಗೆದಿಡೋದು ಮರೆತುಹೋಗುವ ಕೆಲಸ. ಹೀಟರ್ ಥರ್ಮೋಸ್ಟಾಟ್ ಮೇಲೆ ತಾನೇ ಹತ್ತಿಕೊಳ್ಳುತ್ತದೆ. ಬಾಗಿಲು ತೆಗೆದಿದ್ದಾರೋ ಇಲ್ಲವೋ ಅಂತ ಅದು ನೋಡುವುದಿಲ್ಲ.

ನಾನು ಹೀಟರ್ ರಿಪೇರಿ ಮಾಡುವವನು. ಹೊರಗಡೆ ಇಡುವ ಮಾಡೆಲ್ ಅನ್ನು ಶೆಡ್ ಒಳಗೆ ಇಡೋದು ನೇರವಾಗಿ ತಪ್ಪು, ಸೂರು ಎತ್ತರ ಇದ್ದರೂ ತಪ್ಪು. ಒಳಗೆ ಇಡಬೇಕು ಅಂದರೆ ಅದಕ್ಕೆ ಅಂತ ಮಾಡಿದ ಮಾಡೆಲ್ ಅಥವಾ ಕಂಪನಿಯದೇ ಕಿಟ್ ಬೇಕು, ಹೊಗೆ ಕೊಳವೆ ಹೊರಗೆ ಹೋಗಬೇಕು. ಅಷ್ಟೇ ಅಲ್ಲ, ಗಾಳಿಗೆ ಶಾಶ್ವತವಾಗಿ ತೆರೆದಿರುವ ಎರಡು ಕಿಂಡಿ ಬೇಕು, ಒಂದು ಸೂರಿನಿಂದ 12 ಇಂಚಿನ ಒಳಗೆ, ಇನ್ನೊಂದು ನೆಲದಿಂದ 12 ಇಂಚಿನ ಒಳಗೆ. ನೇರ ಹೊರಗಿನ ಗಾಳಿ ಬರುವ ಹಾಗಿದ್ದರೆ 4,000 ಬಿಟಿಯುಗೆ 1 ಚದರ ಇಂಚು ಅಂತ ಲೆಕ್ಕ. ನಿಮ್ಮ ಹೀಟರ್‌ಗೆ ಒಂದೊಂದು ಕಿಂಡಿಯೂ 100 ಚದರ ಇಂಚು. ಜಾಲರಿ, ಪಟ್ಟಿ ಹಾಕಿದರೆ ಅವು ಮುಚ್ಚುವ ಜಾಗ ಬಿಟ್ಟು ಅಷ್ಟು ಉಳಿಯಬೇಕು. ಸುಮ್ನೆ ಕೇಳುತ್ತಿಲ್ಲ ಇಷ್ಟನ್ನು. ಇಷ್ಟು ದೊಡ್ಡ ಹೀಟರ್ ಪೂರ್ತಿ ಉರಿಯುವಾಗ ಗಂಟೆಗೆ 100 ಘನ ಮೀಟರ್‌ಗೂ ಜಾಸ್ತಿ ಗಾಳಿ ಎಳೆಯುತ್ತದೆ.

ಆಮೇಲೆ ಆ ಕ್ಲೋರಿನ್ ಮತ್ತು ಆಸಿಡ್. ಮೊದಲು ಅವೆರಡನ್ನೂ ಒಂದೇ ಕಡೆ ಇಡಬೇಡಿ, ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಹೀಟರ್ ಇರಲಿ ಬಿಡಲಿ. ಮುಚ್ಚಳ ಬಿಗಿಯಾಗಿದ್ದರೂ ಆ ಡಬ್ಬಗಳಿಂದ ಸ್ವಲ್ಪ ಸ್ವಲ್ಪ ಆವಿ ಬರುತ್ತಲೇ ಇರುತ್ತದೆ. ಪಕ್ಕದಲ್ಲಿ ಹೀಟರ್ ಇದ್ದರೆ ಅದು ಆ ಆವಿಯನ್ನೇ ಬರ್ನರ್‌ಗೆ ಎಳೆದುಕೊಳ್ಳುತ್ತದೆ, ಒಳಗಿನ ಹೀಟ್ ಎಕ್ಸ್‌ಚೇಂಜರ್ (ಉರಿಯ ಶಾಖವನ್ನು ನೀರಿಗೆ ದಾಟಿಸುವ ಭಾಗ) ತುಕ್ಕು ಹಿಡಿದು ಹಾಳಾಗುತ್ತದೆ. ಇಂಥದ್ದನ್ನು ಬಿಚ್ಚಿ ನೋಡಿದರೆ ಹಸಿರು ಬಣ್ಣದ ಪುಡಿ ಉದುರುತ್ತದೆ. ಗಿರಾಕಿ ಮಾತ್ರ ಕಂಪನಿಯನ್ನು ಬೈಯುತ್ತಿರುತ್ತಾರೆ. ಮೆಷಿನ್‌ನ ಪೆಟ್ರೋಲ್ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಮಳೆಗೆ ಹೆದರಬೇಡಿ, ಹೊರಗಿನ ಮಾಡೆಲ್ ಮಳೆ ತಡೆಯುತ್ತದೆ. ತಡೆಯದೇ ಇರೋದು ಸೂರಿನಿಂದ ಒಂದೇ ಕಡೆ ಧಾರೆಯಾಗಿ ಸುರಿಯುವ ನೀರು ಮತ್ತು ದಿನಾ ಪಕ್ಕದಿಂದ ಹೊಡೆಯುವ ಸ್ಪ್ರಿಂಕ್ಲರ್ ನೀರು.

ನೀಲಿಕೊಳ, ಒಂದು ವಿಷಯ ನೀವು ಬರೆದಿಲ್ಲ. ಪೈಪ್‌ನಲ್ಲಿ ಬರುವ ನೈಸರ್ಗಿಕ ಅನಿಲವೋ, ಪ್ರೊಪೇನೋ? ಮೂರನೇ ಜಾಗದ ನೆಲ ಹೇಗಿದೆ?

ನೀಲಿಕೊಳ:
ಪ್ರೊಪೇನ್. ದೊಡ್ಡ ಟ್ಯಾಂಕ್ ಇಡಿಸುತ್ತೇವೆ, ಸಣ್ಣ ಸಿಲಿಂಡರ್ ಸಾಲಲ್ಲ ಅಂದರು. ಮೂಲೆ ಸ್ವಲ್ಪ ತಗ್ಗು. ಹಿಂದೆ ಗಿಡಕ್ಕೆ ಅಂತ ಅಗೆದು ಸುತ್ತ ಮೊಣಕಾಲೆತ್ತರ ಕಟ್ಟೆ ಕಟ್ಟಿದ್ದು ಹಾಗೇ ಇದೆ. ಕಟ್ಟೆ ಮರೆಯಲ್ಲಿ ಹೀಟರ್ ಅರ್ಧ ಮುಚ್ಚಿಕೊಂಡರೆ ನೋಡೋಕೆ ಚೆನ್ನ ಅಂತ ಮನೆಯಲ್ಲಿ ಎಲ್ಲರಿಗೂ ಇಷ್ಟ ಆಗಿದೆ.

ಬಿಸಿನೀರು:
ಕೇಳಿದ್ದು ಒಳ್ಳೆಯದಾಯಿತು. ಆ ತಗ್ಗಿನಲ್ಲಿ ಇಡಬೇಡಿ.

ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲೆ ಹೋಗಿ ಚದುರುತ್ತದೆ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ನೆಲದ ಮೇಲೆ ಹರಿದು ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಸುತ್ತ ಕಟ್ಟೆ ಇದ್ದರೆ ಆಚೆ ಹೋಗುವ ದಾರಿಯೂ ಇಲ್ಲ. ಗಾಳಿಯಲ್ಲಿ ನೂರಕ್ಕೆ 2 ಪಾಲು ಸೇರಿದರೂ ಕಿಡಿ ತಗುಲಿದರೆ ಹತ್ತಿಕೊಳ್ಳುತ್ತದೆ, ಮತ್ತು ಕಿಡಿ ಹೊಡೆಯುವ ಹೀಟರ್ ಅದೇ ತಗ್ಗಿನಲ್ಲಿ ಕೂತಿರುತ್ತದೆ.

ಮೂಲೆ ಬಿಡಬೇಡಿ, ತಗ್ಗು ಬಿಡಿ. ಕಟ್ಟೆ ಒಡೆಸಿ, ತಗ್ಗು ತುಂಬಿಸಿ, ಸುತ್ತಲ ನೆಲಕ್ಕಿಂತ ಸ್ವಲ್ಪ ಎತ್ತರಕ್ಕೆ ಕಾಂಕ್ರೀಟ್ ಹಾಸು ಹಾಕಿಸಿ. ಹಾಸು ಮಟ್ಟವಾಗಿರಬೇಕು, ನೀರು ನಿಲ್ಲಬಾರದು. ಮರದ ಡೆಕ್ ಮೇಲೆ ಅಂತೂ ಮ್ಯಾನ್ಯುಯಲ್ ಒಪ್ಪದೆ ಕೂರಿಸಬೇಡಿ. ನೋಡೋಕೆ ಚೆನ್ನಾಗಿರಲಿ ಅನ್ನೋ ಆಸೆ ಅರ್ಥ ಆಗುತ್ತೆ, ಆದರೆ ಹೀಟರ್ ಮರೆ ಮಾಡುವ ಪ್ರತಿಯೊಂದು ವಸ್ತುವೂ ಗಾಳಿಯನ್ನೂ ತಡೆಯುತ್ತದೆ. ಬೇಕೇ ಬೇಕು ಅಂದರೆ ಒಂದು ಕಡೆ ಮಾತ್ರ, ಮ್ಯಾನ್ಯುಯಲ್ ಹೇಳಿದಷ್ಟು ದೂರ ಬಿಟ್ಟು, ಸಂದುಗಳಿರುವ ಪಟ್ಟಿ ಬೇಲಿ ಹಾಕಿ.

ಪಂಪುಮನೆ:
ಟ್ಯಾಂಕ್ ಎಲ್ಲಿ ಬರುತ್ತೆ ಅನ್ನೋದನ್ನೂ ಇದರ ಜೊತೆಗೇ ನಿರ್ಧರಿಸಿ. ಹೀಟರ್ ಬೆಂಕಿ ಉರಿಯುವ ವಸ್ತು, ಟ್ಯಾಂಕಿನ ಸೇಫ್ಟಿ ವಾಲ್ವ್ ಗ್ಯಾಸ್ ಬಿಡಬಹುದಾದ ಬಾಯಿ. ಎರಡರ ನಡುವೆ 10 ಅಡಿಗಿಂತ ಕಡಿಮೆ ಆಗಬಾರದು, ಟ್ಯಾಂಕ್ ದೊಡ್ಡದಾದ ಹಾಗೆ ನಿಯಮವೂ ಬಿಗಿಯಾಗಬಹುದು, ಗ್ಯಾಸ್ ಕೊಡುವವರನ್ನೇ ಕೇಳಿ. ಸಣ್ಣ ಸಿಲಿಂಡರ್ ಸಾಲಲ್ಲ ಅಂದಿದ್ದು ಸರಿ. ಈ ಹೀಟರ್ ಗಂಟೆಗೆ 8 ಕೆಜಿಗೂ ಜಾಸ್ತಿ ಪ್ರೊಪೇನ್ ತಿನ್ನುತ್ತದೆ, ಸಣ್ಣ ಸಿಲಿಂಡರ್ ಒಳಗಿನ ದ್ರವ ಅಷ್ಟು ಬೇಗ ಆವಿ ಆಗಲ್ಲ.

ಗ್ಯಾಸ್ ಪೈಪಿನ ದಪ್ಪವನ್ನು ಅಂದಾಜಿನ ಮೇಲೆ ಹಾಕಲು ಬಿಡಬೇಡಿ. ನೀರಿನ ಪೈಪ್ ದೂರ ಆದರೆ ಪಂಪ್ ಒದ್ದಾಡುತ್ತದೆ, ಗ್ಯಾಸ್ ಪೈಪ್ ದೂರ ಆದರೆ ಒತ್ತಡ ಬಿದ್ದು ಉರಿಯೇ ಕೆಡುತ್ತದೆ. ಉದ್ದ ಮತ್ತು ಬಿಟಿಯು ನೋಡಿ ಪಟ್ಟಿ ಪ್ರಕಾರ ಲೆಕ್ಕ ಹಾಕಿ, ಹೀಟರ್ ಪೂರ್ತಿ ಉರಿಯುವಾಗ ಅದರ ಬಾಯಲ್ಲೇ ಒತ್ತಡ ಅಳೆದು ತೋರಿಸಲಿ. ಲೈಸೆನ್ಸ್ ಇರುವವರೇ ಮಾಡಬೇಕಾದ ಕೆಲಸ ಇದು.

ಮಗುಮನೆ:
ಮಕ್ಕಳಿರುವ ಮನೆಯವಳಾಗಿ ಒಂದೆರಡು ಮಾತು. ಪೂಲ್ ಅಂಚಿನಿಂದ ಕನಿಷ್ಠ 5 ಅಡಿ ದೂರ ಇರಲಿ. ಮೇಲಿನ ಜಾಲರಿ ಮುಟ್ಟಿದರೆ ಸುಡುತ್ತದೆ, ಒದ್ದೆ ಟವೆಲ್ ಒಣಗಿಸೋಕೆ ಅದೇ ಜಾಗ ಅಂತ ಮಕ್ಕಳಿಗೆ ಅನ್ನಿಸಿಬಿಡುತ್ತೆ. ಹತ್ತಿರ ಪೂಲ್ ಬೇಲಿ ಇದ್ದರೆ ಹೀಟರ್ ಹತ್ತಿ ಆಚೆ ಜಿಗಿಯುವ ಹಾಗೆ ಇರಬಾರದು. ಒಣ ಎಲೆ ಉದುರಿಸುವ ಮರದ ಕೆಳಗಂತೂ ಬೇಡ. ಮನೆಯೊಳಗೆ, ಮಲಗುವ ಕೋಣೆಗಳ ಹತ್ತಿರ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ. ಹೀಟರ್ ದೂರ ಇದ್ದರೂ ಹಾಕಿ.

ನೀಲಿಕೊಳ:
ಎಲ್ಲರಿಗೂ ಥ್ಯಾಂಕ್ಸ್. ಮೂಲೆಗೇ ಹೋಗುತ್ತೇವೆ, ಕಟ್ಟೆ ಒಡೆಸುತ್ತೇವೆ. ಮನೆಯಲ್ಲಿ ಮುಖ ಸಿಂಡರಿಸಿದ್ದಾರೆ, ನೋಡಿಕೊಳ್ಳೋಣ. ಕೊನೇ ಪ್ರಶ್ನೆ, ಪಂಪ್ ಫಿಲ್ಟರ್ ಸಂದಿಯಲ್ಲೇ ಉಳಿದರೆ ತೊಂದರೆ ಇಲ್ಲ ತಾನೇ? ಕ್ಲೋರಿನ್ ಹಾಕುವ ಡಬ್ಬವೂ ಈಗ ಫಿಲ್ಟರ್ ಪಕ್ಕದಲ್ಲೇ ಪೈಪಿಗೆ ಸೇರಿಸಿದ್ದಾರೆ.

ಬಿಸಿನೀರು:
ಪಂಪ್, ಫಿಲ್ಟರ್ ಅಲ್ಲೇ ಇರಲಿ. ಕ್ಲೋರಿನ್ ಡಬ್ಬ ಮಾತ್ರ ಅಲ್ಲಿಂದ ತೆಗೆಸಿ. ನೀರು ಪಂಪ್‌ನಿಂದ ಫಿಲ್ಟರ್‌ಗೆ, ಅಲ್ಲಿಂದ ಹೀಟರ್‌ಗೆ ಹೋಗಬೇಕು, ಕ್ಲೋರಿನ್ ಸೇರೋದು ಅದೆಲ್ಲ ಆದ ಮೇಲೆ. ಈಗಿರುವ ಹಾಗೆ ಬಿಟ್ಟರೆ ಗಟ್ಟಿ ಕ್ಲೋರಿನ್ ನೀರು ನೇರ ಹೀಟರ್ ಒಳಗೆ ಹೋಗಿ ತಾಮ್ರದ ಕೊಳವೆ ತಿನ್ನುತ್ತದೆ. ಹೀಟರ್ ಮತ್ತು ಕ್ಲೋರಿನ್ ಡಬ್ಬದ ನಡುವೆ ಒಂದು ಚೆಕ್ ವಾಲ್ವ್ ಹಾಕಿಸಿ, ಪಂಪ್ ನಿಂತಾಗ ಕ್ಲೋರಿನ್ ನೀರು ಹಿಂದಕ್ಕೆ ಬರದ ಹಾಗೆ. ವಾಲ್ವ್ ಮೇಲೆ ಬಾಣದ ಗುರುತು ಇರುತ್ತದೆ, ಅದು ಪೂಲ್ ಕಡೆ ತೋರಿಸುತ್ತಿದೆಯಾ ಅಂತ ಪೈಪ್ ಮುಚ್ಚುವ ಮೊದಲು ನೀವೇ ನೋಡಿಕೊಳ್ಳಿ.