ಹೊಸ ಶಾಲೆಯ ಕರಾರು ಪತ್ರ: ಸಹಿ ಹಾಕುವ ಮುಂಚೆ ಪಿರಿಯಡ್ ಲೆಕ್ಕ ಬರೆಸಿಕೊಳ್ಳಬಹುದಾ?

ಗಣಿತ ಟೀಚರ್, ರಾಣೆಬೆನ್ನೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ., ಬಿ.ಇಡಿ. ಮಾಡಿದ್ದೇನೆ. ಆರರಿಂದ ಎಂಟನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಈ ಜೂನ್‌ನಿಂದ ಬೇರೆ ಶಾಲೆಗೆ ಸೇರಬೇಕು. ಅನುದಾನ ಇಲ್ಲದ ಇಂಗ್ಲಿಷ್ ಮೀಡಿಯಂ ಶಾಲೆ, ರಾಜ್ಯ ಪಠ್ಯಕ್ರಮ. ಸಂಬಳ ತಿಂಗಳಿಗೆ 17,500. ಡೆಮೊ ಕ್ಲಾಸ್ ಚೆನ್ನಾಗಿ ಆಯಿತು, ಎಚ್‌ಎಂ ಮೇಡಂ ಪ್ರೀತಿಯಿಂದ ಮಾತಾಡಿಸಿದರು. ಈಗ ಬಾಂಡ್ ಪೇಪರ್ ಮೇಲೆ ಟೈಪ್ ಮಾಡಿಸಿದ ನಾಲ್ಕು ಪುಟದ ಕರಾರು ಪತ್ರ ಕೈಗೆ ಕೊಟ್ಟು, ಸೋಮವಾರ ಸಹಿ ಮಾಡಿ ತನ್ನಿ ಅಂದಿದ್ದಾರೆ.

ಸಂಬಳದ ಬಗ್ಗೆ ನನ್ನ ತಕರಾರಿಲ್ಲ. ನಮ್ಮೂರಲ್ಲಿ ಇದಕ್ಕಿಂತ ಜಾಸ್ತಿ ಕೊಡುವವರು ಕಡಿಮೆ. ನನಗೆ ನಿದ್ದೆ ಕೆಡಿಸಿರುವುದು ಎರಡನೇ ಪುಟದ ಈ ಸಾಲು: "ಶಿಕ್ಷಕರು ಬೆಳಿಗ್ಗೆ 8.30ರಿಂದ ಸಂಜೆ 5ರವರೆಗೆ, ಶನಿವಾರ 8.30ರಿಂದ 1ರವರೆಗೆ ಶಾಲೆಯಲ್ಲಿರತಕ್ಕದ್ದು ಹಾಗೂ ಆಡಳಿತ ಮಂಡಳಿಯು ಕಾಲಕಾಲಕ್ಕೆ ವಹಿಸುವ ಇತರ ಎಲ್ಲಾ ಕೆಲಸಗಳನ್ನು ಹೆಚ್ಚುವರಿ ಸಂಭಾವನೆ ಕೇಳದೆ ನಿರ್ವಹಿಸತಕ್ಕದ್ದು."

ವಾರಕ್ಕೆ ಎಷ್ಟು ಪಿರಿಯಡ್ ಅಂತ ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ.

ಈ "ಇತರ ಎಲ್ಲಾ ಕೆಲಸ" ಅಂದರೆ ಏನು ಅಂತ ಈಗಿನ ಶಾಲೆಯಲ್ಲಿ ನೋಡಿದ್ದೇನೆ. ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅಟೆಂಡರ್ ಅಡ್ಜಸ್ಟ್‌ಮೆಂಟ್ ಪುಸ್ತಕ ಹಿಡಿದು ಬರುತ್ತಾರೆ. ಯಾರು ರಜೆಯೋ ಅವರ ಪಿರಿಯಡ್ ಎದುರಿಗೆ ಕೆಂಪು ಪೆನ್ನಲ್ಲಿ ನಮ್ಮ ಹೆಸರು. ಸಹಿ ಹಾಕಿ ಹೋಗುವುದಷ್ಟೇ. ಆ ದಿನ ಇದ್ದ ಒಂದೇ ಬಿಡುವೂ ಹೋಯಿತು. ಸಂಜೆ ಬಸ್ ಡ್ಯೂಟಿ. ಕೊನೆಯ ಟ್ರಿಪ್ ಮಕ್ಕಳು ಹತ್ತುವವರೆಗೆ ಗೇಟಿನ ಹತ್ತಿರ ನಿಲ್ಲಬೇಕು. ಸ್ಯಾಟ್ಸ್ ಎಂಟ್ರಿ, ಅಂದರೆ ಮಕ್ಕಳ ವಿವರವನ್ನು ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ ತುಂಬುವುದು, ಕ್ಲಾಸ್ ಟೀಚರ್ ತಲೆಗೆ. ಫೀಸ್ ಬಾಕಿ ಇರುವ ಪೋಷಕರಿಗೆ ಫೋನ್ ಮಾಡುವುದೂ ನಮ್ಮ ತಲೆಗೇ. ನಿನ್ನೆ ಫೀಸ್ ಕೇಳಿದ ಅಪ್ಪನ ಮಗುವಿಗೆ ಇವತ್ತು ಭಿನ್ನರಾಶಿ ಹೇಳಿಕೊಡಬೇಕು. ಆ ಮಗು ನನ್ನ ಮುಖ ನೋಡುವುದಿಲ್ಲ. ಏಪ್ರಿಲ್ ಬಂತೆಂದರೆ ಕರಪತ್ರ ಹಿಡಿದು ಅಡ್ಮಿಷನ್ ಕ್ಯಾನ್ವಾಸಿಂಗ್. ಒಬ್ಬೊಬ್ಬರಿಗೆ ಐದು ಮಕ್ಕಳ ಟಾರ್ಗೆಟ್, ಆಗದಿದ್ದರೆ ಮೇ ತಿಂಗಳ ಸಂಬಳ ತಡ.

ಹೊಸ ಶಾಲೆಯಲ್ಲೂ ಇದೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕಾಗದ ಅದಕ್ಕೆ ಬಾಗಿಲು ತೆರೆದಿಟ್ಟಿದೆ. ಕೇಳಿದ್ದಕ್ಕೆ ಆಫೀಸಿನವರು "ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಲ್ಲೇ ವಾರಕ್ಕೆ 45 ಗಂಟೆ ಅಂತ ಇದೆ ಮೇಡಂ" ಅಂದರು. ಅದು ನಿಜವಾ? ಎರಡು ವರ್ಷದೊಳಗೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕು, ಅದಕ್ಕೆ ಭದ್ರತೆಯಾಗಿ ಸಹಿ ಮಾಡಿದ ಖಾಲಿ ಚೆಕ್ ಮತ್ತು ಅಸಲು ಅಂಕಪಟ್ಟಿ ಕೊಡಬೇಕು ಅಂತಲೂ ಇದೆ. ಶಾಲೆಯವರು ಮಾತ್ರ "ಯಾವುದೇ ಕಾರಣ ನೀಡದೆ" ತೆಗೆಯಬಹುದಂತೆ. ಪಿರಿಯಡ್ ಸಂಖ್ಯೆ ಬರೆಸಿಕೊಳ್ಳಿ ಅಂತ ಕೇಳುವುದು ಅತಿಯಾಯಿತಾ? ಯಾರಾದರೂ ಕೇಳಿ ಪಡೆದಿದ್ದೀರಾ?

ನಿವೃತ್ತ ಮುಖ್ಯ ಶಿಕ್ಷಕ, ಧಾರವಾಡ

ಖಂಡಿತ ಕೇಳಮ್ಮ. ಅತಿ ಏನೂ ಅಲ್ಲ. ಟೈಮ್ ಟೇಬಲ್ ಹಾಕಿ ಹಾಕಿ ಕೈ ಸವೆಸಿದವನು ನಾನು, ಆ ಲೆಕ್ಕದ ಮೇಲೆ ಹೇಳುತ್ತೇನೆ.

45 ಗಂಟೆ ನಿಜ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿದೆ. ಆದರೆ ಆಫೀಸಿನವರು ಅರ್ಧ ಸಾಲು ಓದಿದ್ದಾರೆ. ಅಲ್ಲಿರುವುದು ತಯಾರಿಯ ಸಮಯವೂ ಸೇರಿ ಕನಿಷ್ಠ 45 ಗಂಟೆ. ಪಾಠ ಯೋಜನೆ ಬರೆಯುವುದು, ಪಾಠಕ್ಕೆ ಸಿದ್ಧವಾಗುವುದು ಎಲ್ಲ ಅದರ ಒಳಗೆ ಬರಬೇಕು. ಅದೇ ಅನುಸೂಚಿ ಒಂದರಿಂದ ಐದಕ್ಕೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ, ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ ಅಂತ ಹೇಳುತ್ತದೆ. ಅದು ಮಕ್ಕಳಿಗೆ ಸಿಗಬೇಕಾದ ಪಾಠದ ಲೆಕ್ಕ.

ಈಗ ನಿನ್ನ ಕರಾರಿಗೆ ಬಾ. ದಿನಕ್ಕೆ ಎಂಟೂವರೆ ಗಂಟೆ, ಐದು ದಿನ ಅಂದರೆ 42.5. ಶನಿವಾರದ 4.5 ಸೇರಿಸು. 47 ಆಯಿತು. ಊಟದ ಹೊತ್ತು ಕಳೆಯಬೇಕು ಅನ್ನುತ್ತಾರೆ. ಆದರೆ ಊಟದ ಹೊತ್ತಲ್ಲಿ ಮಕ್ಕಳ ಜೊತೆ ಕೂರಿಸುತ್ತಾರಾ ಇಲ್ವಾ ಅಂತ ಮೊದಲು ಕೇಳು. ಕೂರಿಸಿದರೆ ಅದು ಬಿಡುವಲ್ಲ, ಕೆಲಸ.

ಇನ್ನು ಪಿರಿಯಡ್. ಒಂದು ತರಗತಿಗೆ ವಾರಕ್ಕೆ ಸಾಮಾನ್ಯವಾಗಿ 45 ಪಿರಿಯಡ್, 40 ನಿಮಿಷದ್ದು. ಮೂರು ತರಗತಿ, ಎರಡೆರಡು ಸೆಕ್ಷನ್, ಗಣಿತಕ್ಕೆ ಆರಾರು ಪಿರಿಯಡ್ ಅಂದರೆ 36. ಮೌಲ್ಯ ಶಿಕ್ಷಣ ಅಂತ ಎರಡು ಸೇರಿಸಿಯೇ ಸೇರಿಸುತ್ತಾರೆ. 38 ಪಿರಿಯಡ್ ಅಂದರೆ 25 ಗಂಟೆ 20 ನಿಮಿಷ ನಿಂತು ಪಾಠ. ಸೆಕ್ಷನ್ನಿಗೆ 40 ಮಕ್ಕಳಾದರೆ 240 ನೋಟ್ ಬುಕ್. ಒಂದಕ್ಕೆ ಎರಡೇ ನಿಮಿಷ ಕೊಟ್ಟರೂ ವಾರಕ್ಕೆ ಎಂಟು ಗಂಟೆ. ಗಣಿತದಲ್ಲಿ ಉತ್ತರ ನೋಡಿ ಟಿಕ್ ಹಾಕಿದರೆ ಆಗಲಿಲ್ಲ, ಮಗು ಎಲ್ಲಿ ಹಾದಿ ತಪ್ಪಿತು ಅಂತ ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು. ಎರಡು ನಿಮಿಷ ಸಾಲುವುದಿಲ್ಲ. ಮೂರು ತರಗತಿಯ 18 ಪಾಠಕ್ಕೆ ತಲಾ 20 ನಿಮಿಷ ತಯಾರಿ ಅಂದರೆ ಆರು ಗಂಟೆ. ಒಟ್ಟು 39 ಗಂಟೆ 20 ನಿಮಿಷ. ಉಳಿದ ಐದು ಚಿಲ್ಲರೆ ಗಂಟೆಯಲ್ಲಿ ಹಾಜರಿ, ಟೆಸ್ಟ್ ಪೇಪರ್ ತೆಗೆಯುವುದು, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ತುಂಬುವುದು, ಪೋಷಕರ ಸಭೆ. ವಾರಕ್ಕೆ ಐದು ಅಡ್ಜಸ್ಟ್‌ಮೆಂಟ್ ಬಂದರೆ ಅದರಲ್ಲೂ ಮೂರು ಗಂಟೆ 20 ನಿಮಿಷ ಹೋಯಿತು. ಬಸ್ ಡ್ಯೂಟಿಗೂ ಕ್ಯಾನ್ವಾಸಿಂಗ್‌ಗೂ ಜಾಗ ಎಲ್ಲಿದೆ ಹೇಳು?

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಜಗಳ ಬೇಡ, ದೂರು ಬೇಡ. ಎಚ್‌ಎಂ ಮುಂದೆ ಹಾಳೆ ಇಟ್ಟು, "ಮೇಡಂ, ಇದರಲ್ಲಿ ಯಾವುದನ್ನು ಬಿಡಲಿ?" ಅಂತ ಕೇಳು. ಪಾಠ ಮಾಡಿದವರಿಗೆ ಅದು ಅರ್ಥವಾಗುತ್ತದೆ.

ಇನ್ನೊಂದು ಮಾತು. ಅದೇ ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ. ಫೀಸ್ ವಸೂಲಿ ಈ ಮೂರರಲ್ಲಿ ಯಾವುದು?

ಈಗ ಸರ್ಕಾರಿ ಶಾಲೆ ಟೀಚರ್

ಅಕ್ಕಾ, ಅಸಲು ಅಂಕಪಟ್ಟಿ ಮಾತ್ರ ಕೊಡಬೇಡಿ. ಕೈಮುಗಿದು ಹೇಳುತ್ತೇನೆ.

ನಾನು ಖಾಸಗಿ ಶಾಲೆಗೆ ಸೇರಿದಾಗ ಬಿ.ಇಡಿ. ಅಂಕಪಟ್ಟಿ ಕೊಟ್ಟರೇನೇ ಆರ್ಡರ್ ಅಂದಿದ್ದರು. ಸರ್ಕಾರಿ ಶಿಕ್ಷಕರ ನೇಮಕಾತಿಗೆ 2022ರ ಜಿಪಿಎಸ್‌ಟಿಆರ್ ಪರೀಕ್ಷೆ ಬರೆದೆ. ಆ ಸಲ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಕರೆದಿದ್ದರು. ದಾಖಲೆ ಪರಿಶೀಲನೆಗೆ ಅಸಲು ತನ್ನಿ ಅಂತ ಬಂದಾಗ ಶಾಲೆಯ ಆಫೀಸಿಗೆ ಹೋದರೆ, "ಸೆಕ್ರೆಟರಿ ಸಾಹೇಬರು ಊರಲ್ಲಿಲ್ಲ, ಬೀರುವಿನ ಕೀಲಿ ಅವರ ಹತ್ತಿರ." ಮರುದಿನ ಹೋದರೆ, "ವರ್ಷ ಮುಗಿಯುವ ತನಕ ಬಿಡುವುದಿಲ್ಲ ಅಂತ ಬರೆದುಕೊಟ್ಟರೆ ಕೊಡುತ್ತೇವೆ." ನನ್ನ ಅಪ್ಪ ಬಂದು ಆಫೀಸಿನ ಬೆಂಚಿನ ಮೇಲೆ ಕೂತರು. ಕೊಡುವ ತನಕ ಏಳುವುದಿಲ್ಲ ಅಂದರು. ಸಂಜೆ ಐದಕ್ಕೆ ಬೀರು ತೆರೆಯಿತು. ಒಳಗೆ ನನ್ನಂಥವರ ಎಷ್ಟೋ ಜನರ ಫೈಲು, ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿದ್ದರು. ಅದನ್ನು ನೋಡಿ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅಸಲು ತೋರಿಸಿ, ಜೆರಾಕ್ಸ್ ಕೊಡಿ. ಅಷ್ಟು ಸಾಕು. ತೀರಾ ಹಟ ಮಾಡಿದರೆ ಯಾವ ಯಾವ ದಾಖಲೆ ಅಂತ ಬರೆದು ಸೀಲ್ ಹಾಕಿದ ಸ್ವೀಕೃತಿ ಪಡೆಯದೆ ಕೈ ಬಿಡಬೇಡಿ. ಮತ್ತೆ ಮೊದಲ ತಿಂಗಳೇ ಪಿಎಫ್ ಕಟ್ಟಿದ್ದಾರಾ ಅಂತ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಹಾಕಿ ನೋಡಿ. ಸಿಬ್ಬಂದಿ 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶಾಲೆ ಪಿಎಫ್ ಕಾನೂನಿಗೆ ಒಳಪಡುತ್ತದೆ. ಕೆಲವರು ಶಾಲೆಯ ಪಾಲನ್ನೂ ನಮ್ಮ ಸಂಬಳದಲ್ಲೇ ಮುರಿಯುತ್ತಾರೆ, ಅದು ತಪ್ಪು. 17,500 ಕೈಗೆ ಬರುವುದಾ, ಅದರಲ್ಲಿ ಎರಡೂ ಪಾಲು ಸೇರಿದೆಯಾ, ಈಗಲೇ ಕೇಳಿಬಿಡಿ.

ಸಣ್ಣ ಶಾಲೆ ನಡೆಸುವವನು

ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ತಾಲ್ಲೂಕು ಕೇಂದ್ರದಿಂದ ದೂರದ ಹೋಬಳಿಯಲ್ಲಿ ನಮ್ಮ ಶಾಲೆ. ನವೆಂಬರ್‌ನಲ್ಲಿ ಗಣಿತದ ಮೇಷ್ಟ್ರು ಬಿಟ್ಟು ಹೋದರೆ ಮಾರ್ಚ್‌ವರೆಗೆ ಇನ್ನೊಬ್ಬರು ಸಿಗುವುದಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಮಕ್ಕಳು ಆ ವರ್ಷ ಯೂಟ್ಯೂಬ್ ನೋಡಿ ಓದಿದರು. ಬಾಂಡ್ ಬರೆಸುವುದು ಆ ಭಯಕ್ಕೆ. ಟೀಚರ್ ರಜೆ ಹಾಕಿದ ದಿನ ಆ ತರಗತಿಗೆ ಯಾರಾದರೂ ಹೋಗಲೇಬೇಕಲ್ವಾ? ಫೀಸು ಬಾರದಿದ್ದರೆ ಸಂಬಳ ಎಲ್ಲಿಂದ ಕೊಡಲಿ?

ಹಾಗಂತ ಖಾಲಿ ಚೆಕ್ ಪಡೆಯುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಪಡೆಯುವುದೂ ಇಲ್ಲ. ಪಿರಿಯಡ್ ಸಂಖ್ಯೆ ಬರೆದುಕೊಡಿ ಅಂತ ಇದುವರೆಗೆ ಯಾರೂ ಕೇಳಿಲ್ಲ. ಕೇಳಿದರೆ ನಾನು ಕೊಡುತ್ತೇನೆ. ಬದಲಿಗೆ ವರ್ಷದ ನಡುವೆ ಬಿಡುವುದಿಲ್ಲ ಅಂತ ಮಾತು ಕೊಡಿ.

ನಿವೃತ್ತ ಮುಖ್ಯ ಶಿಕ್ಷಕ, ಧಾರವಾಡ

ಸರ್, ನಿಮ್ಮ ಭಯ ನನಗೆ ಗೊತ್ತು. ಆದರೆ ನವೆಂಬರ್‌ನಲ್ಲಿ ಬಿಟ್ಟು ಹೋಗುವವರು ಯಾಕೆ ಹೋಗುತ್ತಾರೆ ಅಂತಲೂ ನೋಡಿ. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಗಂಟಲು ಹೋಗಿರುತ್ತದೆ, ಮೈ ಸೋತಿರುತ್ತದೆ. ಅಡ್ಜಸ್ಟ್‌ಮೆಂಟ್‌ಗೆ ವಾರಕ್ಕೆ ಎರಡೋ ಮೂರೋ ಅಂತ ಮಿತಿ ಇಟ್ಟು, ಅದು ದಾಟಿದರೆ ಪಿರಿಯಡ್‌ಗೆ ಇಷ್ಟು ಅಂತ ಕೊಡಿ. ಆಗ ಒಬ್ಬರ ಮೇಲೇ ಹೊರೆ ಬೀಳುವುದು ತಾನಾಗಿ ನಿಲ್ಲುತ್ತದೆ. ನೋಟಿಸ್ ಅವಧಿ ಎರಡೂ ಕಡೆಗೆ ಒಂದೇ ಇರಲಿ.

ವಕೀಲೆ, ಹುಬ್ಬಳ್ಳಿ

ಕಾನೂನಿನ ಮಟ್ಟಿಗೆ ನಾಲ್ಕು ಮಾತು ಹೇಳುತ್ತೇನೆ ಮೇಡಂ. ನಿಮ್ಮ ಪತ್ರವನ್ನು ಹತ್ತಿರದ ವಕೀಲರಿಗೆ ಒಮ್ಮೆ ತೋರಿಸಿ.

"ಕಾರಣ ನೀಡದೆ ತೆಗೆಯಬಹುದು" ಅಂತ ಬರೆದಾಕ್ಷಣ ಹಾಗೆ ಮಾಡಲು ಬರುವುದಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಂ ಪ್ರಕಾರ ಖಾಸಗಿ ಶಾಲೆಯ ಶಿಕ್ಷಕರನ್ನು ವಿಚಾರಣೆ ಇಲ್ಲದೆ ವಜಾ ಮಾಡುವಂತಿಲ್ಲ. ವಜಾ ಮಾಡಿದರೆ 94ನೇ ಕಲಂ ಅಡಿ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಲೇಬರ್ ಕೋರ್ಟಿಗೆ ಹೋಗುತ್ತೇನೆ ಅಂತ ಬರುವವರೇ ಜಾಸ್ತಿ. ಆದರೆ ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಸುಂದರಾಂಬಾಳ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಆ ಬಾಗಿಲು ತಟ್ಟುತ್ತಾ ಕೂತರೆ ಈ ಮೂರು ತಿಂಗಳು ಕೈಜಾರುತ್ತದೆ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಯವರು ಮಾತ್ರ ಬೇರೆಯಾಗಿ ವಿಚಾರಿಸಿ. 1983ರ ಕಾಯ್ದೆ ಅವರಿಗೆ ಪೂರ್ತಿ ಅನ್ವಯಿಸುವುದಿಲ್ಲ.

ಒಂದು ಲಕ್ಷದ ಬಾಂಡ್ ಬಗ್ಗೆ ಕಣ್ಣುಮುಚ್ಚಿ "ಅದು ನಡೆಯಲ್ಲ" ಅಂತ ನಾನು ಹೇಳುವುದಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಬ್ಯಾಂಕೊಂದರ ಎರಡು ಲಕ್ಷದ ಬಾಂಡನ್ನು ಒಪ್ಪಿದೆ. ಅಲ್ಲಿ ನೇಮಕಾತಿಗೆ ಬ್ಯಾಂಕು ಮಾಡುವ ಖರ್ಚು, ಆ ಹುದ್ದೆಯ ಸಂಬಳ ಎಲ್ಲ ಲೆಕ್ಕಕ್ಕೆ ಬಂತು. ತಿಂಗಳಿಗೆ 17,500ರ ಕೆಲಸಕ್ಕೆ ಒಂದು ಲಕ್ಷ ಅಂದರೆ ಸುಮಾರು ಆರು ತಿಂಗಳ ಸಂಬಳ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ. ಬರೆದಷ್ಟೂ ಸಿಗುತ್ತದೆ ಅಂತೇನಿಲ್ಲ. ಖಾಲಿ ಚೆಕ್ ಬೇರೆ ವಿಷಯ. ಅದು ಬೌನ್ಸ್ ಆದರೆ ಕ್ರಿಮಿನಲ್ ಕೇಸಿಗೆ ಓಡಾಡಬೇಕಾದವರು ನೀವು. ಕೊಡಲೇಬೇಡಿ.

11 ತಿಂಗಳ ಕರಾರು ಮಾಡಿ ಪ್ರತಿ ಜೂನ್‌ಗೆ ಹೊಸದಾಗಿ ಸೇರಿಸಿಕೊಳ್ಳುತ್ತಾರಾ ಅಂತಲೂ ನೋಡಿ. ಸೇವೆಗೆ ಸತತತೆ ಇಲ್ಲ ಅಂತ ಮುಂದೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ತಪ್ಪಿಸಲು ಇದೇ ನೆಪ. ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ ಅಂತ 2004ರಲ್ಲಿ ತೀರ್ಪಾಗಿತ್ತು. ಆಮೇಲೆ ಸಂಸತ್ತು 2009ರಲ್ಲಿ ಆಗಿನ ಗ್ರಾಚ್ಯುಟಿ ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯಿಸಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಮಗೆ ನ್ಯಾಯವಾಗಿ ಬರಬೇಕಾದ ದುಡ್ಡು ಅದು. ನೇಮಕಾತಿ ಆದೇಶ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಯಾವುದನ್ನೂ ಎಸೆಯಬೇಡಿ.

ಗಣಿತ ಟೀಚರ್, ರಾಣೆಬೆನ್ನೂರು

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಹೋಗಿ ಬಂದೆ. ಸರ್ ಹೇಳಿದಂತೆ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಎಚ್‌ಎಂ ಮೇಡಂ ಪೂರ್ತಿ ಓದಿದರು. ನೋಟ್ ಬುಕ್ಕಿನ ಎಂಟು ಗಂಟೆಯ ಸಾಲಿನ ಮೇಲೆ ಬೆರಳಿಟ್ಟು, "ನಾನೂ ಗಣಿತದವಳೇ, ಇದು ಕಮ್ಮಿಯೇ ಆಯಿತು" ಅಂದರು. ಸೆಕ್ರೆಟರಿ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. "ಎಲ್ಲರೂ ಹೀಗೆ ಕೇಳಿದರೆ?" ಅಂದರು. "ಎಲ್ಲರಿಗೂ ಬರೆದುಕೊಡಿ ಸರ್" ಅಂದೆ.

ಸಿಕ್ಕಿದ್ದು ಇಷ್ಟು. ವಾರಕ್ಕೆ 36 ಪಿರಿಯಡ್, ಮೌಲ್ಯ ಶಿಕ್ಷಣ ಬೇರೆಯವರಿಗೆ. ಅಡ್ಜಸ್ಟ್‌ಮೆಂಟ್ ವಾರಕ್ಕೆ ಮೂರು ದಾಟುವಂತಿಲ್ಲ. ಆದರೆ ದಾಟಿದರೆ ದುಡ್ಡು ಕೊಡಲು ಒಪ್ಪಲಿಲ್ಲ. ಫೀಸ್ ಫೋನ್ ಆಫೀಸಿನವರದು. ಖಾಲಿ ಚೆಕ್ ಸಾಲು ಹೊಡೆದು ಹಾಕಿದರು, ಅಂಕಪಟ್ಟಿ ಜೆರಾಕ್ಸ್ ಸಾಕು ಅಂದರು. ಬಾಂಡ್ ಬದಲು ಎರಡೂ ಕಡೆಗೆ ಎರಡು ತಿಂಗಳ ನೋಟಿಸ್. ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಬಿಡುವುದಿಲ್ಲ ಅಂತ ನಾನೇ ಬರೆದುಕೊಟ್ಟೆ. ಮಕ್ಕಳ ವಿಷಯದಲ್ಲಿ ಆ ಸಣ್ಣ ಶಾಲೆಯ ಸರ್ ಹೇಳಿದ್ದು ಸರಿ ಅನಿಸಿತು. ಬಸ್ ಡ್ಯೂಟಿ ಉಳಿಯಿತು, ವಾರಕ್ಕೆ ಒಂದು ದಿನ. ಕ್ಯಾನ್ವಾಸಿಂಗ್ ಬಗ್ಗೆ ಸೆಕ್ರೆಟರಿ "ಏಪ್ರಿಲ್‌ನಲ್ಲಿ ನೋಡೋಣ" ಅಂದರು. ಅದು ಕಾಗದದಲ್ಲಿ ಬಂದಿಲ್ಲ.

"ಇತರ ಎಲ್ಲಾ ಕೆಲಸ" ಅನ್ನುವ ಸಾಲು ಈಗ ಹೀಗಿದೆ. ಬೇಕಾದವರು ಬಳಸಿಕೊಳ್ಳಿ: "ಪಾಠ, ತಯಾರಿ, ನೋಟ್ ಬುಕ್ ತಿದ್ದುವಿಕೆ, ಮೌಲ್ಯಮಾಪನ ಮತ್ತು ಶಾಲೆಯೊಳಗಿನ ಮೇಲ್ವಿಚಾರಣೆ ಎಲ್ಲವೂ ಸೇರಿ ಶಿಕ್ಷಕರ ಕೆಲಸವು ವಾರಕ್ಕೆ 45 ಗಂಟೆ ಮೀರತಕ್ಕದ್ದಲ್ಲ. ವೈಯಕ್ತಿಕ ವೇಳಾಪಟ್ಟಿಯನ್ನು ಈ ಪತ್ರಕ್ಕೆ ಲಗತ್ತಿಸಲಾಗಿದೆ."

ವೇಳಾಪಟ್ಟಿಗೂ ಸೀಲ್ ಹಾಕಿಸಿಕೊಂಡೆ. ಹೊಸ ಪ್ರತಿ ಟೈಪ್ ಆಗಿ ಬುಧವಾರ ಬರುತ್ತದಂತೆ, ಓದಿ ಸಹಿ ಮಾಡುತ್ತೇನೆ. ಕ್ಯಾನ್ವಾಸಿಂಗ್ ವಿಷಯವನ್ನು ಬರಹದಲ್ಲಿ ಪಡೆದವರು ಯಾರಾದರೂ ಇದ್ದರೆ ಆ ಸಾಲನ್ನು ಇಲ್ಲಿ ಹಾಕಿ.