ಸಹಾಯ ಬೇಕು: ರೈಡ್ ಕೆಟ್ಟು ನಿಂತರೆ ನಾಲ್ಕನೇ ಬುಕಿಂಗ್ ಯಾವಾಗ?

ಫ್ಲಾರಿಡಾದ ಡಿಸ್ನಿ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್, ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ (ದುಡ್ಡು ಕೊಟ್ಟು ಮಾಮೂಲಿ ಕ್ಯೂ ತಪ್ಪಿಸಿಕೊಳ್ಳೋ ಪಾಸ್). ಮುಂಚೆಯೇ ಮೂರು ರೈಡ್ ಬುಕ್ ಆಗಿದೆ, ಒಂದೊಂದಕ್ಕೂ ಒಳಗೆ ಹೋಗೋಕೆ ಒಂದು ಗಂಟೆ ಅವಧಿ. ಯಾವುದಾದರೂ ಒಂದರ ಗೇಟಲ್ಲಿ ಟ್ಯಾಪ್ ಮಾಡಿ ಒಳಗೆ ಹೋದಮೇಲೇ ನಾಲ್ಕನೆಯದು ಸಿಗೋದು. ಅದಕ್ಕೇ ಮೊದಲನೆಯದನ್ನ ಬೆಳಿಗ್ಗೆ 9ಕ್ಕೇ ಹಾಕಿದ್ದು. ಮಧ್ಯಾಹ್ನಕ್ಕೆ ಇಟ್ಟರೆ ಅಲ್ಲೀವರೆಗೆ ಮಾಮೂಲಿ ಕ್ಯೂನೇ ಗತಿ.

ತಲೆಕೆಡೋದು ಇಲ್ಲಿ. ನಮ್ಮ ಅವಧಿಯಲ್ಲೇ ರೈಡ್ ಕೆಟ್ಟು ನಿಂತರೆ ಆ ಬುಕಿಂಗ್ ಬೇರೆ ಕೆಲವು ರೈಡಿಗೂ ನಡೆಯೋ ಪಾಸಾಗಿ ಬದಲಾಗುತ್ತೆ. ಒಳ್ಳೇದೇ. ಆದರೆ ಆಪ್‌ನ ನಿಯಮಗಳನ್ನ ಎರಡು ಸಲ ಓದಿದರೂ ಮುಂದಿನದು ಅರ್ಥವಾಗ್ತಿಲ್ಲ.

ಹಾಗೆ ಬದಲಾದ ಕೂಡಲೇ ನಾಲ್ಕನೆಯದು ಬುಕ್ ಮಾಡಬಹುದಾ, ಇಲ್ಲ ಆ ಪಾಸನ್ನ ಎಲ್ಲಾದರೂ ಬಳಸೋವರೆಗೂ ಕಾಯಬೇಕಾ? ಇತ್ತೀಚೆಗೆ ಹೋಗಿಬಂದವರು ಹೇಳಿ.